ಬೆರೆಂಡ್ ಕುಡಿದ ಪಾಯಸ

ಮಾರ್ಚ್ 10, ಸೋಮವಾರ, ಸಂಜೆ 5.10

ಬೆರೆಂಡ್ ಇವತ್ತೂ ನಾಲ್ಕಕ್ಕೆ ಸರಿಯಾಗಿ ಲೈನಿಗೆ ಬಂದರು. ಹಿಂದೆ ಆಡುಗಳ ಗಲಾಟೆ. ಕ್ಯಾಮೆರಾದಲ್ಲಿ ಯಥಾಪ್ರಕಾರ ಅವರ ಹಣೆ ಮಾತ್ರ. ಲ್ಯಾಪ್‌ಟಾಪ್ ಸ್ವಲ್ಪ ಬಗ್ಗಿಸಿ ಎಂದು ಐದು ತಿಂಗಳಿಂದ ಹೇಳುತ್ತಿದ್ದೇನೆ. ಈಗ ಹಣೆಗೇ ಚಿಕಿತ್ಸೆ ಕೊಡುವುದು ಅಭ್ಯಾಸವಾಗಿದೆ.

ಅರವತ್ತೊಂದು ವರ್ಷ. ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವರು. ಬೆನ್ನುನೋವಿನ ಮಾತ್ರೆ ಚಟವಾಗಿ, ಕೊನೆಗೆ ಡಾಕ್ಟರ ಚೀಟಿಯನ್ನೇ ನಕಲು ಮಾಡಿ ಸಿಕ್ಕಿಬಿದ್ದರು. ಅವರ ಕಡೆಯ ಹಳ್ಳಿಗಳಿಗೆಂದೇ ಇರುವ ಡ್ರಗ್ಸ್ ಕೋರ್ಟು ಜೈಲಿನ ಬದಲು ನನ್ನನ್ನು ವಿಧಿಸಿದೆ. ವಾರಕ್ಕೆರಡು ಸಲ ನೈಮೆಗನ್ ಎಂಬ ಡಚ್ ಊರಿನ ನಮ್ಮ ಮನೆಯ ಈ ಊಟದ ಮೇಜಿನಿಂದ ವೀಡಿಯೊ ಚಿಕಿತ್ಸೆ, ಹದಿನೈದು ದಿನಕ್ಕೊಮ್ಮೆ ಅವರ ಊರಿನ ಕ್ಲಿನಿಕ್‌ನಲ್ಲಿ ಮೂತ್ರ ಪರೀಕ್ಷೆ. ಒಂದು ಪರೀಕ್ಷೆ ಕೆಟ್ಟರೂ ಐದು ತಿಂಗಳು ಒಳಗೆ. ಹದಿನಾಲ್ಕು ಆಡುಗಳನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ಮಾರಬೇಕಾಗುತ್ತದೆ. ಇನ್ನೊಂದೇ ತಿಂಗಳು ಬಾಕಿ.

"ಐದು ಗಂಟೆಗೆ ಕೈ ಸುಮ್ನೆ ಇರಲ್ಲ" ಅಂದರು. ಮೊದಲು ಮಾತ್ರೆ ನುಂಗುತ್ತಿದ್ದ ಹೊತ್ತು ಅದು. ಆ ಕೈಗೆ ಏನಾದರೂ ಕೆಲಸ ಹುಡುಕಬೇಕು.

ಮಾರ್ಚ್ 13, ಗುರುವಾರ

ಅಡುಗೆ ಎಂದು ತೀರ್ಮಾನ. ಆಡಿನ ಹಾಲು ಬೇಕಾದಷ್ಟಿದೆ, ಸಿಹಿ ಏನಾದರೂ ಹೇಳಿಕೊಡಿ ಅಂದರು. ನನಗೆ ಬರುವುದು ಮ್ಯಾಗಿ. ಮೂರು ತಿಂಗಳಿಗೆಂದು ಮೈಸೂರಿನಿಂದ ಬಂದಿರುವ ಅತ್ತೆಯನ್ನು ಕೇಳಿದೆ. ಹೆಸರು ಹೇಳಲಿಲ್ಲ, ಒಬ್ಬ ಪೇಷೆಂಟ್ ಎಂದಷ್ಟೇ.

"ಗಸಗಸೆ ಪಾಯಸ ಮಾಡ್ಲಿ ಬಿಡು. ನುಣ್ಣಗೆ ರುಬ್ಬೋದು, ಕೈ ಬಿಡದೆ ತಿರುಗಿಸೋದು. ಬೇರೆ ಯೋಚ್ನೆಗೆ ಪುರುಸೊತ್ತೇ ಇರಲ್ಲ. ನಿನಗೂ ಕಲಿಸ್ತೀನಿ, ಹತ್ತು ವರ್ಷದಿಂದ ಕಾಯ್ತಾ ಇದೀನಿ."

ಕೊನೆಯ ವಾಕ್ಯ ಬೇಕಿರಲಿಲ್ಲ.

ಮಾರ್ಚ್ 20, ಗುರುವಾರ, ಸಂಜೆ

ಯಶಸ್ಸು. ನಾಲ್ಕು ದಿನದಿಂದ ದಿನಾ ಪಾಯಸವಂತೆ! ಗಸಗಸೆ ಅವರ ಊರಿನ ಸೂಪರ್‌ಮಾರ್ಕೆಟ್‌ನಲ್ಲೇ ಸಿಕ್ಕಿದೆ. ಬೆಲ್ಲದ ಬದಲು ಕಂದು ಸಕ್ಕರೆ. ತೋರಿಸಲೆಂದು ಬಟ್ಟಲು ಎತ್ತಿ ಹಿಡಿದರು. ಆ ನೆಪದಲ್ಲಿ ಮೊದಲ ಬಾರಿ ಇಡೀ ಮುಖ ಕಂಡಿತು. ಮೀಸೆ ತುಂಬ ಪಾಯಸ.

"ಐದು ಗಂಟೆ ಬಂದು ಹೋಗಿದ್ದೇ ಗೊತ್ತಾಗಲಿಲ್ಲ. ನಿದ್ದೇನೂ ಚೆನ್ನಾಗಿ ಬರ್ತಿದೆ."

ಫೈಲಿನಲ್ಲಿ ಬರೆದೆ: ನಿದ್ರೆ ಸುಧಾರಿಸಿದೆ. ನಾಳೆ ಪರೀಕ್ಷೆ. ಯಾವ ಆತಂಕವೂ ಇಲ್ಲ.

ಮಾರ್ಚ್ 25, ಮಂಗಳವಾರ

ಪಾಸಿಟಿವ್. ಮಾರ್ಫಿನ್.

ಎರಡು ಸಲ ಓದಿದೆ. ಅವರ ಮಾತ್ರೆ ಬೇರೆ. ಅದು ಸಿಗದೆ ಇನ್ನೇನಕ್ಕೋ ಕೈ ಹಾಕಿದ್ದಾರೆ ಅಂದುಕೊಂಡೆ. ಮೈಯೆಲ್ಲ ಉರಿದುಹೋಯಿತು. ಕೂಡಲೇ ಕಾಲ್ ಮಾಡಿದೆ.

"ಯಾವ ದಿನ ತಗೊಂಡ್ರಿ?"

"ತಗೊಂಡಿಲ್ಲ."

"ನಿಜ ಹೇಳಿದ್ರೆ ಕೋರ್ಟಲ್ಲಿ ನಿಮ್ಮ ಪರ ಮಾತಾಡ್ಬಹುದು."

ಹಣೆ ಕ್ಯಾಮೆರಾದಿಂದ ಆಚೆ ಸರಿಯಿತು. ಆಮೇಲೆ ಪರದೆ ಕಪ್ಪಾಯಿತು.

"ತಗೊಂಡಿಲ್ಲ" — ಎಲ್ಲರೂ ಮೊದಲು ಹೇಳುವುದು ಇದನ್ನೇ. ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ.

ಮಾರ್ಚ್ 27, ಗುರುವಾರ

ನಾಲ್ಕಕ್ಕೆ ಬರಲಿಲ್ಲ. ಐದು ತಿಂಗಳಲ್ಲಿ ಇದೇ ಮೊದಲು. ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ನನ್ನ ಮುಖ ನೋಡಿ ಅತ್ತೆ ಒಂದು ಲೋಟ ಪಾಯಸ ತಂದಿಟ್ಟರು.

"ಕುಡಿದು ಸ್ವಲ್ಪ ಮಲಕ್ಕೊ. ನಿಮ್ಮಾವ ಇದನ್ನ ಕುಡಿದ್ರೆ ಕೂತಲ್ಲೇ ತೂಕಡಿಸೋರು. ಎಷ್ಟಂದ್ರೂ ಅಫೀಮು ಗಿಡದ್ದೇ ಬೀಜ ಅಲ್ವಾ."

ಲೋಟ ಕೈಯಲ್ಲೇ ಉಳಿಯಿತು. ಅಫೀಮಿನಲ್ಲಿರುವುದೇ ಮಾರ್ಫಿನ್.

ಹನ್ನೊಂದು ವರ್ಷ ಚಟ ಬಿಡಿಸುವ ಕೆಲಸ. ಗೋಡೆಯ ಮೇಲೆ ಎರಡು ಡಿಗ್ರಿ. ಪರೀಕ್ಷೆಗೆ ಮುಂಚೆ ಗಸಗಸೆ ತಿನ್ನಬಾರದು ಎಂದು ನಮ್ಮ ಕರಪತ್ರದಲ್ಲೇ ಇದೆ — ಡಚ್‌ನಲ್ಲಿ, ಗಸಗಸೆ ಉದುರಿಸಿದ ಬ್ರೆಡ್ಡಿನ ಚಿತ್ರದ ಸಮೇತ. ಬೆರೆಂಡ್‌ಗೂ ನಾನೇ ಓದಿ ಹೇಳಿದ್ದೆ. ಬ್ರೆಡ್ ಎಂದಿದ್ದರೆ ನನಗೆ ಹೊಳೆಯುತ್ತಿತ್ತು. ಪಾಯಸ ಎಂದರೆ ಹಬ್ಬ, ಅದರಲ್ಲಿ ಏನಿದೆ ಎಂದು ಯಾರು ನೋಡುತ್ತಾರೆ? ಥೆರಪಿಸ್ಟೇ ಹೇಳಿಕೊಟ್ಟ ಮೇಲೆ ಪಾಪ ಅವರಾದರೂ ಯಾಕೆ ಅನುಮಾನಪಡುತ್ತಾರೆ...

ದಡ್ಡಿ ನಾನು. ಶುದ್ಧ ದಡ್ಡಿ.

ಮಾರ್ಚ್ 28, ಶುಕ್ರವಾರ

ಕೋರ್ಟಿಗೆ ಪತ್ರ, ಒಂದೂವರೆ ಪುಟ. ಅದೇ ಸ್ಯಾಂಪಲ್‌ನಲ್ಲಿ ಗಸಗಸೆಯ ಗುರುತು ಹುಡುಕಿ ಎಂದು ಲ್ಯಾಬ್‌ಗೆ ಇನ್ನೊಂದು. ಗಂಡ ಚಿರಂತನ ಓದಿ, "ರೆಸಿಪಿನೂ ಅಟ್ಯಾಚ್ ಮಾಡಿದೀಯಾ?" ಅಂದ. ಮಾಡಿದ್ದೇನೆ. ಅತ್ತೆಯ ಕಣ್ಣಳತೆಯನ್ನು ಗ್ರಾಮಿಗೆ ಇಳಿಸಲು ಅರ್ಧ ಗಂಟೆ ಹಿಡಿಯಿತು.

ಬೆರೆಂಡ್‌ಗೂ ಒಂದು ಪ್ರತಿ ಕಳಿಸಿದೆ. ಎರಡು ದಿನ ನಿಮ್ಮನ್ನು ನಂಬಲಿಲ್ಲ ಎಂಬ ಸಾಲು ಬರೆದು ಅಳಿಸಿದೆ. ಅದನ್ನು ಬಾಯಿಬಿಟ್ಟೇ ಹೇಳಬೇಕು.

ಏಪ್ರಿಲ್ 10, ಗುರುವಾರ, ಬೆಳಿಗ್ಗೆ 11.40

ವಿಚಾರಣೆ ಈಗಷ್ಟೇ ಮುಗಿಯಿತು, ಅದೂ ವೀಡಿಯೊದಲ್ಲೇ. ಅಲ್ಲಿಯವರೆಗೆ ನಮ್ಮ ಕಾಲ್‌ಗಳಿಗೆ ಕೋರ್ಟು ತಡೆ ಹಾಕಿತ್ತು. ಬೆರೆಂಡ್ ಟೈ ಕಟ್ಟಿದ್ದರು. ಅವರ ಚೌಕದಲ್ಲಿ ಟೈ ಬಿಟ್ಟು ಬೇರೇನೂ ಇಲ್ಲ.

ಗಸಗಸೆಯೇ ಎಂದು ಲ್ಯಾಬ್ ಬರೆದುಕೊಟ್ಟಿದೆ. ನ್ಯಾಯಾಧೀಶೆ ನನ್ನ ಪತ್ರ ಓದಿ ಕನ್ನಡಕ ತೆಗೆದರು.

"ಇದನ್ನ ಹೇಳಿಕೊಟ್ಟಿದ್ದು ನೀವೇನಾ, ಮೇಡಂ?"

"ನಾನೇ."

"ಇನ್ಮೇಲೆ ಅಕ್ಕಿ ಪಾಯಸ ಹೇಳಿಕೊಡಿ."

ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಜೈಲಿಲ್ಲ. ಆಡುಗಳು ಉಳಿದವು. ಎದ್ದು ಕುಣಿಯಬೇಕು ಅನ್ನಿಸಿತು.

ಕೋರ್ಟಿನವರು ಹೋದರು. ಪರದೆಯ ಮೇಲೆ ನಾವಿಬ್ಬರೇ. ಹೇಳಿಬಿಟ್ಟೆ.

"ಆ ಎರಡು ದಿನ ನಿಮ್ಮನ್ನ ನಂಬಲಿಲ್ಲ ನಾನು. ತಪ್ಪಾಯ್ತು."

"ಗೊತ್ತು" ಅಂದರು. ಟೈ ಸಡಿಲಿಸಿದರು. "ನೀವು ಅಷ್ಟು ಖಚಿತವಾಗಿ ಕೇಳಿದ್ರಿ. ಅದಕ್ಕೇ ನಾನೂ ಹುಡುಕಿದೆ. ಕೊಟ್ಟಿಗೆ, ಕಾರ್ ಸೀಟಿನ ಕೆಳಗೆ, ಎಲ್ಲಾ ಕೋಟಿನ ಜೇಬು. ನಿದ್ದೇಲೇನಾದ್ರೂ ತಗೊಂಡ್ನೇನೋ ಅಂತ. ಆ ಗುರುವಾರ ಕಾಲ್‌ಗೆ ಬರದೆ ಇದ್ದಿದ್ದು ಸಿಟ್ಟಿಗಲ್ಲ. ನಾಚಿಕೆಗೆ."

ಅವರು ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಅತ್ತುಬಿಟ್ಟೆ. ಥೆರಪಿಸ್ಟ್ ಅಳಬಾರದು. ಬೆರೆಂಡ್ ಕಂಗಾಲಾಗಿ, ನನಗೆ ಸಮಾಧಾನವಾಗಲಿ ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಕೊಟ್ಟಿಗೆಗೆ ಓಡಿದರು. ಒಂದು ಆಡು ಬಂದು ಕ್ಯಾಮೆರಾವನ್ನು ಚೆನ್ನಾಗಿ ನೆಕ್ಕಿತು. ಅಳುತ್ತಲೇ ನಕ್ಕೆ. ಅವರೂ ನಕ್ಕರು.

ಒರೆಸಲು ಬಟ್ಟೆ ತರ್ತೀನಿ, ಲೈನಲ್ಲೇ ಇರಿ ಅಂದು ಹೋಗಿದ್ದಾರೆ. ಇದ್ದೇನೆ. ಪರದೆಯೆಲ್ಲ ಆಡಿನ ಎಂಜಲು. ಇನ್ನು ಮೇಲೆ ಅವರು "ತಗೊಂಡಿಲ್ಲ" ಎಂದರೆ ಮೊದಲು ನಂಬಿ, ಆಮೇಲೆ ನಾನು... ಬಂದರು —