ತೊಟ್ಟಿಲವ್ವನ ದನಿಯಿಂದ ತೆಗೆದ ಕೊಳೆ

ಘಟಪ್ರಭೆಯ ಎಡದಂಡೆ
ಇಸವಿ ೨೩೦೭, ಹದಿಮೂರನೆಯ ತಿಂಗಳ ಹುಣ್ಣಿಮೆ

ಟೇಪ್ ರೆಕಾರ್ಡರ್ ಇನ್ನೂ ಅಲ್ಲಲ್ಲಿ ತಿರುಗುತ್ತಿರುವ ಕಾಲದ ಹಿರಿಯರಿಗೆ ಸಾವಂತ್ರಿ ಹೆರಕಲ್ ಮಾಡುವ ಶರಣು.

ಹದಿಮೂರನೆಯ ತಿಂಗಳೇ ಎಂದು ನಗಬೇಡಿ. ನಮ್ಮಲ್ಲಿ ಅದು ಬಂದು ಬಹಳ ಕಾಲವಾಯಿತು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ದನಿಮಡಿಯವಳು. ಅಂದರೆ ನಿಮ್ಮ ಕಾಲದ ಧ್ವನಿಮುದ್ರಣಗಳನ್ನು ಬಟ್ಟೆ ಒಗೆದಂತೆ ಒಗೆದು, ಯಂತ್ರ ಮೆತ್ತಿದ್ದನ್ನೆಲ್ಲ ತೆಗೆದು, ಮನುಷ್ಯರ ದನಿಯನ್ನಷ್ಟೇ ಉಳಿಸುವುದು ನನ್ನ ಕಸುಬು. ತೆಗೆದದ್ದಕ್ಕೆ ಕೊಳೆ ಎನ್ನುತ್ತೇವೆ. ಇಲ್ಲಿ ಅಡುಗೆಮನೆಯ ಗೋಡೆ, ಬಸ್ಸು, ಬಾವಿಯ ಪಂಪು ಎಲ್ಲವೂ ಹೀಗೆ ಒಗೆದ ಮಡಿದನಿಯಲ್ಲೇ ಮಾತಾಡುತ್ತವೆ. ಎಲ್ಲಿಯೂ ಒಂದಿಷ್ಟು ಗೊರಗೊರ ಕೇಳಿಸುವುದಿಲ್ಲ.

ನಮ್ಮ ಮನೆತನದ್ದೊಂದು ಪದ್ಧತಿಯಿದೆ. ಕೂಸಿಗೆ ಹೆಸರಿಡುವ ದಿನ ಮೊದಲು ತೊಟ್ಟಿಲವ್ವ ಹಾಡಬೇಕು. ಆಮೇಲೆ ಸೋದರತ್ತೆ ಅದರ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿ, ಬೆನ್ನಿಗೆ ಎಲ್ಲರ ಗುದ್ದು ತಿನ್ನಬೇಕು. ತೊಟ್ಟಿಲವ್ವ ಎಂದರೆ ನಿಮ್ಮ ಕಾಲದ ಗುರುಬಸವ್ವ, ನಮ್ಮ ಮೂಲಜ್ಜಿ. ಹಳೆಯ ಟೇಪ್ ರೆಕಾರ್ಡರಿನ ಮುಂದೆ ಕೂತು ಅವಳು ಹಾಡಿದ ಜೋಗುಳವೊಂದೇ ನಮಗೆ ಉಳಿದಿರುವುದು. ಈ ಸಲ ಸೋದರತ್ತೆ ನಾನು. ತಮ್ಮನ ಮಗಳಿಗೆ ಉಡುಗೊರೆಯೆಂದು ಆ ಜೋಗುಳವನ್ನು ಚೊಕ್ಕವಾಗಿ ಮಡಿ ಮಾಡಿ ತಂದೆ.

ಹಾಡು ಶುರುವಾದದ್ದೇ ತಡ, ನಮ್ಮಜ್ಜಿ ಪಾರವ್ವ ತೊಟ್ಟಿಲ ಹಗ್ಗ ಬಿಟ್ಟಳು. "ಯಾವಾಕಿನ್ನ ಕರಕೊಂಡ ಬಂದೀ? ಈಕಿ ನಮ್ಮಾಕಿ ಅಲ್ಲ," ಎಂದಳು. ತೊಟ್ಟಿಲವ್ವ ಬರುವ ತನಕ ಹೆಸರಿಡಕೂಡದೆಂದು ಹೇಳಿ ಒಳಗೆ ಹೋಗಿ ಕದ ಹಾಕಿಕೊಂಡಳು. ಬಂದವರು ಉಂಡು ಹೋದರು. ಕೂಸು ಹೆಸರಿಲ್ಲದೆ ಉಳಿಯಿತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸೋಜಿಗವಾಯಿತು. ಚೊಕ್ಕ ಮಾಡಿದರೆ ಮನುಷ್ಯಳೇ ಬದಲಾಗುತ್ತಾಳೆಯೇ?

ಕೊಳೆಯನ್ನು ಕೇಳಿಸಿಕೊಳ್ಳುವುದು ನಮ್ಮ ಕಸುಬಿನಲ್ಲಿ ನಾಚಿಕೆಗೇಡು. ತೆಗೆದು ಎಸೆಯುವುದಷ್ಟೇ ರೂಢಿ. ಇನ್ನೂ ಎಸೆಯದೆ ಉಳಿದಿದ್ದ ಆ ಜೋಗುಳದ ಕೊಳೆಯನ್ನು ನಾನು ಕದ್ದು ಕೇಳಿದೆ. ಅದರಲ್ಲಿ ಟೇಪಿನ ಸುಯ್ಯೆನ್ನುವ ಉಸಿರಿತ್ತು, ಮೋಟಾರಿನ ಸಣ್ಣ ತೂಗಾಟವಿತ್ತು. ಗುರುಬಸವ್ವ ಗಂಟಲೆತ್ತಿದಲ್ಲೆಲ್ಲ ಟೇಪು ತಾಳಲಾರದೆ ದನಿಯ ಚೂಪನ್ನು ಒತ್ತಿ ಮೆತ್ತಗೆ ಮಾಡಿತ್ತು. ಒಳಗಿನ ವಾಲ್ವುಗಳು, ಅಂದರೆ ಬಿಸಿಯೇರಿದ ಗಾಜಿನ ಬುರುಡೆಗಳು, ಅವಳ ಸ್ವರದ ಜೊತೆ ತಮ್ಮದನ್ನೂ ಸೇರಿಸಿ ಅದನ್ನು ದುಂಡಗಾಗಿಸಿದ್ದವು. ತಲೆತಲಾಂತರ ನಾವು ಅವಳ ಮಮತೆ ಎಂದುಕೊಂಡದ್ದರಲ್ಲಿ ಅರ್ಧ ಯಂತ್ರದ ಕೆಲಸ!

ಆ ಕೊಳೆಯೊಂದನ್ನೇ ಪಡಸಾಲೆಯಲ್ಲಿ ಹಚ್ಚಿದೆ. ಕದ ತೆರೆಯಿತು. "ಈಗ ಬಂದ್ಲು ನೋಡು," ಎಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತ. ದನಿ, ಕೊಳೆ ಎರಡನ್ನೂ ಮತ್ತೆ ಕೂಡಿಸಿದೆ. ಕೂಸಿಗೆ ಇಂಚರಾ ಎಂದು ಹೆಸರಾಯಿತು. ಬೆನ್ನಿಗೆ ಬಿದ್ದ ಗುದ್ದುಗಳಲ್ಲಿ ಅಜ್ಜಿಯದೇ ಜೋರು.

ಆದರೆ ಆ ಮಡಿದನಿ ಇನ್ನೂ ನನ್ನ ಬಳಿಯಿದೆ. ತೆಳುವಾದ, ತುಸು ಅಂಜಿದ, ಎಳೆಯ ಹೆಣ್ಣಿನ ದನಿ. ನಿಜವಾದ ಗುರುಬಸವ್ವ ಅವಳೇ ಇರಬಹುದು. ಇಲ್ಲವೇ ನಾನೇ ಹೆಚ್ಚಿಗೆ ಒಗೆದಿರಬಹುದು. ಅವಳೇ ಆಗಿದ್ದರೆ, ತನ್ನ ಮನೆಯಲ್ಲೇ ಅವಳ ಗುರುತು ಯಾರಿಗೂ ಹತ್ತಲಿಲ್ಲವಲ್ಲ ಎಂದು ಸಂಕಟವಾಗುತ್ತದೆ. ನೀವು ಅವಳ ಕಾಲದವರು. ಘಟಪ್ರಭೆಯ ಕಡೆ ಬಂದರೆ ಅವಳ ಮನೆ ಕೇಳಿಕೊಂಡು ಹೋಗಿ. ಕೂಸು ಮಲಗಿಸುತ್ತಿರುತ್ತಾಳೆ. ಟೇಪು, ಫೋನು ಏನನ್ನೂ ಒಯ್ಯಬೇಡಿ. ಹೊಸ್ತಿಲ ಹೊರಗೆ ಕೂತು, ನಮ್ಮ ಪರವಾಗಿ ಒಮ್ಮೆ ಬರಿಗಿವಿಯಿಂದ ಕೇಳಿ ಬನ್ನಿ. ನಿಮ್ಮ ಉತ್ತರ ನನಗೆ ಮುಟ್ಟದು, ಗೊತ್ತು. ಅವಳನ್ನು ಕೇಳಿದವರು ಒಬ್ಬರಾದರೂ ಇದ್ದರು ಎಂದರೆ ಸಾಕು.