ಹೊಕ್ಕುಳಿನ ಎಡಗಡೆ

ಮನೆ, ಹೊಲಿಗೆ ಮೆಷಿನ್ನಿನ ಪಕ್ಕ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಇವಳೇ,

ಹೇಗಿದ್ದೀಯ? ಬೆಳಗಿನ ಶುಗರ್ ಎಷ್ಟು ಬರುತ್ತಿದೆ? ನಿನ್ನ ಅಕ್ಕ ಬಟ್ಟಲಲ್ಲಿ ಅಳೆದು ಬಡಿಸುತ್ತಾಳೋ, ತಂಗಿ ಸೊರಗಿದ್ದಾಳೆಂದು ತಟ್ಟೆ ತುಂಬಿಸುತ್ತಾಳೋ? ಅವಳದು ಧಾರಾಳ ಕೈ. ನೀನೋ ಹೆದರಿ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತೀಯಂತೆ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಅಷ್ಟು ಹಿತಮಿತವಾಗಿ ಉಣ್ಣುವ ನಿನಗೇ ಬಂತಲ್ಲ.

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಎಂಟಾದರೆ ಕೈ ತಾನಾಗಿ ಫ್ರಿಜ್ ತೆರೆಯುತ್ತದೆ. ನೀನು ಬಿಟ್ಟುಹೋದ ಅರ್ಧ ಬಾಟಲಿ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹೊರಳಿಸುತ್ತೇನೆ, ಹಾಲಿನ ಬಣ್ಣಕ್ಕೆ ತಿರುಗುವವರೆಗೆ. ಚುಚ್ಚಿಸಿಕೊಳ್ಳುವವಳು ಇಲ್ಲವೆಂದು ಆಮೇಲೆ ನೆನಪಾಗುತ್ತದೆ. ಆ ದಿನ ಅಡುಗೆಮನೆ ಬಾಗಿಲಲ್ಲಿ ಬೆವರಿ ತೊಯ್ದು ನಿಂತು, ನನ್ನ ಮುಖವನ್ನೇ ನೋಡಿ ನೀನು ಹೇಳಿದ್ದು ಕಿವಿ ಬಿಟ್ಟು ಹೋಗುತ್ತಿಲ್ಲ: "ಅವರು ಮನೇಲಿಲ್ಲ. ಸಾಯಂಕಾಲ ಬನ್ನಿ." ಮೂವತ್ತೆರಡು ವರ್ಷ ಜೊತೆಗಿದ್ದವನನ್ನು ಬಟ್ಟೆ ಕೇಳಲು ಬಂದ ಗಿರಾಕಿ ಅಂದುಕೊಂಡೆ. ಸಕ್ಕರೆ ನೀರು ಹಿಡಿದರೆ ಪರಗಂಡಸಿನ ಕೈಯೆಂಬಂತೆ ತಳ್ಳಿ, ಅಲ್ಲೇ ಕುಸಿದೆ. ಈಗ ಯಾರಾದರೂ ಬಾಗಿಲು ತಟ್ಟಿದರೆ ನಾನು ಮನೆಯಲ್ಲಿ ಇದ್ದೇನೆಯೇ ಎಂದು ನನಗೇ ಅನುಮಾನ ಬರುತ್ತದೆ. ತುಂಬಾ ಭಯವಾಗುತ್ತದೆ ಕಣೇ.

"ಎರಡು ತುತ್ತು ಬಿಟ್ಟಿದ್ದಕ್ಕೇ ಹೀಗಾಯ್ತು, ನನ್ನಂಥವಳು ನಿಮ್ಮ ಕೊರಳಿಗೆ ಬೇಡ" ಎಂದು ಅಕ್ಕನ ಮನೆಗೆ ಹೊರಟುಬಿಟ್ಟೆ. ಹಾಗನ್ನಬೇಡ. ಅಕ್ಕನಿಗೆ ನಮಸ್ಕಾರ ತಿಳಿಸು. ನೂರು ಕಾಲ ಚೆನ್ನಾಗಿರು.

ನಿನ್ನ
ದರ್ಜಿ

ತಾ.ಕ.: ಅಂಚೆಗೆ ಹೊತ್ತಾಯಿತು. ಇದು ಮರೆತ ಮಾತಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು. ನೋವಾಗುವುದಿಲ್ಲವೆಂದು ನೀನು ಯಾವಾಗಲೂ ಹೊಕ್ಕುಳಿನ ಎಡಗಡೆಯೇ ಹಾಕಿಸಿಕೊಳ್ಳುತ್ತಿದ್ದೆ. ಅಲ್ಲಿ ಗಂಟು ಕಟ್ಟಿತ್ತು. ಆ ದಿನ ನಾನು ಬಲಗಡೆ ಹಿಡಿದೆ. "ಅಲ್ಲಿ ಬೇಡ ರೀ" ಅಂದೆ ನೀನು. "ಸೂಜಿ ಹಿಡಿದೇ ಮುದುಕನಾದೋನಿಗೆ ಹೇಳ್ಕೊಡ್ತೀಯಾ" ಎಂದು ಚುಚ್ಚಿಬಿಟ್ಟೆ. ಗಂಟಿನಲ್ಲಿ ಔಷಧಿ ಮೈಗೆ ಹತ್ತುತ್ತಿರಲಿಲ್ಲವಂತೆ. ಅದಕ್ಕೇ ಡೋಸ್ ಏರುತ್ತಾ ಬಂದಿತ್ತು. ಹೊಸ ಜಾಗದಲ್ಲಿ ಅಷ್ಟೂ ಒಟ್ಟಿಗೇ ಹತ್ತಿ ಶುಗರ್ ಒಮ್ಮೆಲೇ ಇಳಿದುಹೋಯಿತು. ಮರುದಿನ ಒಬ್ಬನೇ ಹೋಗಿ ಡಾಕ್ಟರಿಗೆ ಒಪ್ಪಿಕೊಂಡೆ. ಅವರು ಡೋಸ್ ಇಳಿಸಿದ್ದು, ಎಡಗಡೆ ಬೇಡ ಅಂದದ್ದು ಅದಕ್ಕೇ. ನಿನ್ನ ಎರಡು ತುತ್ತಿನಿಂದ ಆದದ್ದಲ್ಲ. ಆಸ್ಪತ್ರೆಯಲ್ಲಿ ಮೊದಲು ಅವರು "ಊಟ ಬಿಟ್ಟಿದ್ರಾ?" ಎಂದು ಕೇಳಿದಾಗ ನೀನು ಹೌದೆಂದು ತಲೆಯಾಡಿಸಿದೆ. ನಿನ್ನ ಕೈ ಹಿಡಿದುಕೊಂಡೇ ನಾನೂ ತಲೆಯಾಡಿಸಿದೆ.