ಜೇನಿನ ಬಾಟಲಿಯ ಮುಚ್ಚಳ

ಮೇ ೪, ಸೋಮವಾರ — ಬೆಳಿಗ್ಗೆ

ಎದ್ದು ಎಷ್ಟು ಹೊತ್ತಾದರೂ ಮುಷ್ಟಿ ಕಟ್ಟಲಾಗಲಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಎರಡೂ ಕೈ ಅದ್ದಿ ಕೂತಿದ್ದೆ. ಈಗ ಪೆನ್ನು ಹಿಡಿಯುವಷ್ಟು ಬಂದಿದೆ. ಅಕ್ಷರ ಮಾತ್ರ ಕಾಗೆ ಕಾಲು, ಗುಬ್ಬಿ ಕಾಲು. ಇರಲಿ, ಓದುವವರಾದರೂ ಯಾರು?

ಶನಿವಾರ ಒಂದೇ ಒಂದು ಪ್ಯಾಂಟಿನ ತುದಿ ಮಡಚಿ ಹೊಲಿಯಲು ಅರ್ಧ ದಿನ ಹಿಡಿಯಿತು. ಕತ್ತರಿ ಹಿಡಿದರೆ ಹೆಬ್ಬೆರಳ ಬುಡದಲ್ಲಿ ಜೀವ ಹೋದಂತೆ ನೋವು. ಸಂಧಿವಾತ. ಅದರಲ್ಲೂ ರುಮಟಾಯ್ಡ್ ಅಂತೆ. ಹೆಸರು ಮಾತ್ರ ಭಾರಿ. ಇಷ್ಟು ವರ್ಷ ದುಡಿದ ಕೈಯೇ ಕೈ ಕೊಟ್ಟಿತಲ್ಲ...

ನಮ್ಮದು ಒಂದೇ ಅಂಗಡಿ, ಎರಡು ಬೋರ್ಡು. ಎಡಕ್ಕೆ ಇವರ ಬೀಗ ರಿಪೇರಿ, ಬಲಕ್ಕೆ ನನ್ನ ಬಟ್ಟೆ ಆಲ್ಟರೇಷನ್. ಕೀ ಕತ್ತರಿಸುವಾಗ ಹಾರುವ ಹಿತ್ತಾಳೆ ಪುಡಿ ನನ್ನ ಬಟ್ಟೆ ಮೇಲೆ ಬೀಳುತ್ತದೆ ಅಂತ ಮದುವೆಯಾದಾಗಿನಿಂದ ಜಗಳ. ಹೀಗೇ ಆದರೆ ಬಲಗಡೆಯ ಬೋರ್ಡು ಇಳಿಸಬೇಕಾಗುತ್ತದೆ. ಆಮೇಲೆ ಜಗಳಕ್ಕೂ ಗತಿಯಿಲ್ಲ.

ಅಕ್ಕ ಫೋನ್ ಮಾಡಿದ್ದಳು. "ಬರೀ ನೀರು ಕುಡ್ಕೊಂಡು ಐದು ದಿನ ಇರು. ಊತ ಎಲ್ಲಾ ಇಳಿಯುತ್ತಂತೆ."

"ಯಾರು ಹೇಳಿದ್ದು?"

"ವಿಡಿಯೋದಲ್ಲಿ ಒಬ್ರು ಹೇಳಿದ್ರು. ಆಯಮ್ಮ ಈಗ ಬೆಟ್ಟ ಹತ್ತುತ್ತಾರೆ, ಗೊತ್ತಾ?"

ನನಗೆ ಬೆಟ್ಟ ಬೇಡ. ಕತ್ತರಿ ಸಾಕು. ನಾಳೆಯಿಂದ ಶುರು.

ಇವರಿಗೆ ಹೇಳಿದೆ. ನಕ್ಕರು. "ಇಡೀ ದಿನ ಬಾಯಾಡಿಸ್ತಿರೋಳು ನೀನು, ಉಪವಾಸಾನಾ?" ಆಮೇಲೆ ಮುಖ ಗಂಭೀರ. "ಡಾಕ್ಟರಮ್ಮನ್ನ ಒಂದು ಮಾತು ಕೇಳು." ಆಗಲಿ ಅಂದೆ. ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ.

ಮೇ ೫, ಮಂಗಳವಾರ

ನೀರು. ಮತ್ತೆ ನೀರು. ಹೊಟ್ಟೆ ತಾಳ ಹಾಕುತ್ತಿದೆ.

ನನ್ನೆದುರು ತಿನ್ನಬಾರದು ಅಂತ ಇವರು ಕೀ ಮೆಷಿನ್ ಹಿಂದೆ ಬಗ್ಗಿ ಕೂತು ಬ್ರೆಡ್ ತಿಂದರು. ಎದ್ದು ಬಂದಾಗ ಮೀಸೆಯಲ್ಲಿ ಚೂರು. ಏನೂ ತಿಳಿಯದವರ ಹಾಗೆ, "ಏನು ಬಿಸಿಲಪ್ಪ!" ಅಂದರು. ಪಾಪ, ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದೇ ಇಲ್ಲ.

ಮೇ ೬, ಬುಧವಾರ

ತಲೆ ಸಿಡಿಯುತ್ತಿದೆ. ಸಿಟ್ಟು ಮೂಗಿನ ತುದಿಯಲ್ಲೇ ಇದೆ. ಜಿಪ್ ಹಾಕಿಸಲು ಬಂದ ಹುಡುಗಿಯ ಮೇಲೆ ರೇಗಿದೆ. ಇವರು ಅವಳಿಗೆ ಸಮಾಧಾನ ಹೇಳಿ ಕಳಿಸಿದರಂತೆ — "ನಮ್ಮನೆಯವ್ರು ಎರಡು ದಿನದಿಂದ ಊಟ ಮಾಡಿಲ್ಲಮ್ಮ." ಅವಳು ಏನೆಂದುಕೊಂಡಳೋ! ಇವರೇ ಊಟ ಹಾಕುತ್ತಿಲ್ಲ ಅಂದುಕೊಂಡಿರಬೇಕು.

ಮಧ್ಯಾಹ್ನ ಹಾಗೇ ಮಲಗಿಬಿಟ್ಟೆ. ನಿದ್ದೆಗಣ್ಣಲ್ಲೇ ಅಡುಗೆಮನೆಯಿಂದ ಏನೋ ಕಿರಕಿರ ಸದ್ದು. ಇವರದೇ ಇರಬೇಕು. ಏನು ಹುಡುಕುತ್ತಿದ್ದರೋ.

ಮೇ ೭, ಗುರುವಾರ

ಬರೆಯಲೇಬೇಕು ಇದನ್ನು!

ಬೆಳಿಗ್ಗೆ ಇವರು ಸ್ನಾನಕ್ಕೆ ಹೋಗಿದ್ದರು. ಇವರ ಬ್ರೆಡ್ಡಿಗೆ ಜೇನು ಹಾಕಿಡೋಣ ಅಂತ ಬಾಟಲಿ ತೆಗೆದುಕೊಂಡೆ. ವರ್ಷದಿಂದ ನನ್ನ ಕೈಗೆ ಬಗ್ಗದ ಬಾಟಲಿ ಅದು. ಸುಮ್ಮನೆ ತಿರುಗಿಸಿದೆ. ಬಂತು! ಬೆಣ್ಣೆಯ ಹಾಗೆ ಬಂತು.

ಆಮೇಲೆ ಬಚ್ಚಲಮನೆ ಚಿಲಕ. ಅದೂ ಸರಾಗ. ನಲ್ಲಿ? ಒಂದೇ ಬೆರಳು ಸಾಕು. ಅಂಗಡಿಗೆ ಓಡಿದೆ — ಹೌದು, ಓಡಿದೆ — ಕತ್ತರಿ ಹಿಡಿದು ಒಂದು ದಪ್ಪ ಬಟ್ಟೆ ಕತ್ತರಿಸಿದೆ. ನೋವಿಲ್ಲ ಅನ್ನುವಂತಿಲ್ಲ, ಆದರೆ ಕತ್ತರಿಸಿದೆ. ಗೆಣ್ಣುಗಳ ಊತವೂ ಕೊಂಚ ಇಳಿದ ಹಾಗಿದೆ.

ಅಕ್ಕನಿಗೆ ಫೋನ್ ಮಾಡಿ ಅತ್ತೆ. ಇವರಿಗೂ ಹೇಳಿದೆ. "ಹೌದಾ? ಒಳ್ಳೇದಾಯ್ತು," ಅಂದರು. ಅಷ್ಟೇ. ಕುಣಿದಾಡುತ್ತಾರೆ ಅಂದುಕೊಂಡಿದ್ದೆ.

ಬೆರಳಿಗೆಲ್ಲ ಕಪ್ಪು ಮಸಿ ಮೆತ್ತಿದೆ. ಎಲ್ಲಿಂದ ಬಂತೋ.

ಮೇ ೮, ಶುಕ್ರವಾರ

ಸಂಧಿವಾತಕ್ಕೆ ಡಾಕ್ಟರಮ್ಮ ಕೊಟ್ಟ, ವಾರಕ್ಕೊಮ್ಮೆ ನುಂಗುವ ಮಾತ್ರೆಯ ದಿನ. ನುಂಗಲಿಲ್ಲ. ಖಾಲಿ ಹೊಟ್ಟೆಗೆ ಹೇಗಿದ್ದರೂ ಆಗುವುದಿಲ್ಲ. ಇನ್ನು ಅದರ ಹಂಗೇ ಬೇಡ. ಡಬ್ಬಿ ಬೀರುವಿನ ಹಿಂದಕ್ಕೆ ತಳ್ಳಿದೆ. ಐದು ದಿನಕ್ಕೆ ನಿಲ್ಲಿಸುವುದೂ ಇಲ್ಲ. ಹತ್ತು ದಿನ ಮಾಡುತ್ತೇನೆ. ನಿಂತರೆ ಸ್ವಲ್ಪ ತಲೆ ತಿರುಗುತ್ತದೆ, ಅಷ್ಟೇ.

ಸಂಜೆ ಇವರು ಸೂಪ್ ಕುಡಿಯುವಾಗ ಉಪ್ಪಿನ ಡಬ್ಬಿ ಬಗ್ಗಿಸಿದ್ದೇ ತಡ, ಮುಚ್ಚಳ ಸಮೇತ ಅಷ್ಟೂ ಉಪ್ಪು ಬಟ್ಟಲಿಗೆ. ಬೈಯುತ್ತಾರೇನೋ ಅಂತ ನೋಡಿದರೆ, ಮುಚ್ಚಳ ಎತ್ತಿಟ್ಟು, ತುಟಿ ಪಿಟಕ್ಕೆನ್ನದೆ ಕುಡಿದರು! ಕಣ್ಣಲ್ಲಿ ನೀರು ಬಂದಿತ್ತು. ವಿಚಿತ್ರ ಮನುಷ್ಯ.

ಮೇ ೯, ಶನಿವಾರ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೇಳಿಬಿಟ್ಟೆ. "ರೀ, ಇನ್ನೂ ಐದು ದಿನ ಮುಂದುವರಿಸ್ತೀನಿ. ಮಾತ್ರೇನೂ ನಿಲ್ಲಿಸಿದೀನಿ. ನೋಡಿ ಇಲ್ಲಿ!" ಜೇನಿನ ಬಾಟಲಿ ತೆರೆದು ಜಾದೂಗಾರ್ತಿಯ ಹಾಗೆ ಮುಚ್ಚಳ ಎತ್ತಿ ಹಿಡಿದೆ.

ಇವರ ಕೈಯಲ್ಲಿದ್ದ, ಕೀ ಉಜ್ಜುವ ಅರ ಕೆಳಗೆ ಬಿತ್ತು. "ಮಾತ್ರೆ ನಿಲ್ಲಿಸಿದ್ಯಾ?"

ಮುಖ ಬಿಳಿಚಿಕೊಂಡಿತ್ತು. ಬಾಟಲಿ ತೆಗೆದುಕೊಂಡು, ಎಲ್ಲರೂ ಮುಚ್ಚುವಷ್ಟೇ ಬಿಗಿಯಾಗಿ ಮುಚ್ಚಿ, ವಾಪಸ್ ಕೊಟ್ಟರು. "ಈಗ ತೆಗಿ."

ತಿರುಗಿಸಿದೆ. ಬರಲಿಲ್ಲ. ಸೆರಗು ಸುತ್ತಿ ತಿರುಗಿಸಿದೆ. ಊಹೂಂ.

"ನೀನು ಮಲಗಿದ್ದಾಗ ಎಲ್ಲಾನೂ ಸಡಿಲ ಮಾಡಿಡ್ತಿದ್ದೆ," ಅಂದರು, ನೆಲ ನೋಡುತ್ತಾ. "ಹೊಟ್ಟೆಗಿಲ್ಲ, ಮೈಯಲ್ಲಿ ಶಕ್ತಿ ಇಲ್ಲ, ಒದ್ದಾಡ್ತೀಯಲ್ಲ ಅಂತ."

ಬಾಟಲಿಗಳು, ಡಬ್ಬಿಗಳು. ಚಿಲಕಕ್ಕೆ ಪೆನ್ಸಿಲ್ ಸೀಸದ ಪುಡಿ — ಬೀಗಕ್ಕೆ ಹಾಕುವುದು ಅದೇ ತಾನೆ. ನಲ್ಲಿಗೆ ಹೊಸ ವಾಷರ್. ನನ್ನ ಕತ್ತರಿಯ ಅಲಗಿಗೆ ಸಾಣೆ, ತಿರುಪಿಗೆ ಅರ್ಧ ಸುತ್ತು. ಆ ಉಪ್ಪಿನ ಡಬ್ಬಿಯೂ.

"ಕದ್ದುಮುಚ್ಚಿ ಯಾಕೆ? ನಂಗೆ ಹೇಳ್ಬಾರದಿತ್ತಾ?"

"ಹೇಳಿದ್ರೆ ಬೇಡ ಅಂತಿದ್ದೆ."

ಡಾಕ್ಟರಮ್ಮನ ವಿಷಯದಲ್ಲಿ ನಾನು ಇಲ್ಲಿ ಬರೆದ ಮಾತೇ.

"ಮೊನ್ನೆ ಬಾಟಲಿ ತೆಗೆದೆ ಅಂತ ಬಂದ್ಯಲ್ಲ... ಎಷ್ಟು ಖುಷಿ ಇತ್ತು ನಿನ್ನ ಮುಖದಲ್ಲಿ. ನಾನೇ ಮಾಡಿದ್ದು ಅನ್ನೋಕೆ ಬಾಯೇ ಬರ್ಲಿಲ್ಲ. ಆದ್ರೆ ಮಾತ್ರೆ ಬಿಡ್ತೀಯಾ ಅಂತ ಕನಸಲ್ಲೂ ಅನ್ಕೊಂಡಿರ್ಲಿಲ್ಲ."

ಹಾರಾಡಿದೆ. ಮನಸ್ಸಿಗೆ ಬಂದ ಹಾಗೆ ಬೈದೆ. ಆಮೇಲೆ ಕೂತು ಅತ್ತೆ. ಮೋಸ ಹೋದದ್ದಕ್ಕಲ್ಲ. ವಾಸಿಯಾಯಿತು ಅಂದುಕೊಂಡ ಕೈ ಹಾಗೇ ಇದೆಯಲ್ಲ ಅಂತ. ಇವರೂ ಪಕ್ಕದಲ್ಲಿ ಕೂತರು. ಅಂಗಡಿ ಬಾಗಿಲು ಎಷ್ಟೋ ಹೊತ್ತು ತೆರೆಯಲೇ ಇಲ್ಲ.

ಡಾಕ್ಟರಮ್ಮನಿಗೆ ಫೋನ್ ಮಾಡಿದವರು ಇವರೇ. ನನಗೆ ಧೈರ್ಯವಿರಲಿಲ್ಲ. ಸ್ವಲ್ಪ ಸ್ವಲ್ಪವೇ ಊಟ ಶುರು ಮಾಡಲಿ, ಮಂಗಳವಾರ ಕರೆದುಕೊಂಡು ಬನ್ನಿ ಅಂದರಂತೆ. ಇವರೇ ಸೂಪ್ ಮಾಡಿ ತಂದರು. ಉಪ್ಪೇ ಇರಲಿಲ್ಲ. ಹೆದರಿರಬೇಕು.

ಮೇ ೧೨, ಮಂಗಳವಾರ

ಡಾಕ್ಟರಮ್ಮ ಕಿರುಚಲಿಲ್ಲ. ಕಿರುಚಿದ್ದರೇ ವಾಸಿಯಿತ್ತು.

"ಉಪವಾಸ ಇದ್ದಾಗ ಕೆಲವ್ರಿಗೆ ನೋವು, ಊತ ಕಡಿಮೆ ಆಗೋದುಂಟು. ಊಟ ಶುರು ಮಾಡಿದ್ಮೇಲೆ ಸಾಮಾನ್ಯವಾಗಿ ವಾಪಸ್ ಬರುತ್ತೆ. ಮಾತ್ರೆ ಬಿಟ್ಟು, ಯಾರನ್ನೂ ಕೇಳದೆ, ಬರೀ ನೀರು ಕುಡೀತಾ ಹತ್ತು ದಿನ ಅಂದ್ರೆ... ನಿಮ್ಮ ಯಜಮಾನ್ರು ಫೋನ್ ಮಾಡಿ ಒಳ್ಳೇ ಕೆಲಸ ಮಾಡಿದ್ರು."

ಹಾಗಾದರೆ ಆ ಗುರುವಾರದ ಸುಖದಲ್ಲಿ ಉಪವಾಸದ್ದೆಷ್ಟು, ಇವರ ಸ್ಕ್ರೂಡ್ರೈವರಿನದೆಷ್ಟು? ಯಾರಿಗೆ ಗೊತ್ತು. ಹೊಸ ಔಷಧಿಯೊಂದನ್ನು ಸೇರಿಸಿದ್ದಾರೆ. ಕೆಲಸ ಮಾಡಲು ವಾರಗಳೇ ಬೇಕಂತೆ.

ಬರುವ ದಾರಿಯಲ್ಲಿ ಒಪ್ಪಂದವಾಯಿತು. ನಾನು ಕರೆಯದೆ ಇವರು ಯಾವುದನ್ನೂ ಸಡಿಲ ಮಾಡುವ ಹಾಗಿಲ್ಲ. ಆಗದಿದ್ದಾಗ ನಾನು ಕರೆಯದೆ ಇರುವ ಹಾಗಿಲ್ಲ. ಎರಡನೆಯದು ನನಗೆ ಕಷ್ಟ.

ಜೂನ್ ೩, ಬುಧವಾರ

ನೋವು. "ರೀ" ಅಂತ ಎಷ್ಟು ಸಲ ಕರೆದೆನೋ. ಪ್ರತಿ ಸಲವೂ ಕೀ ಮೆಷಿನ್ ನಿಲ್ಲಿಸಿ ಬಂದರು. ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಜುಲೈ ೨೦, ಸೋಮವಾರ — ಬೆಳಿಗ್ಗೆ

ಜೇನಿನ ಬಾಟಲಿ ತೆರೆಯಿತು.

ಬಿಸಿನೀರಿಲ್ಲದೆ, ಸೆರಗಿಲ್ಲದೆ. ಖುಷಿಪಡಲಿಲ್ಲ. ಸೀದಾ ಇವರ ಮುಂದೆ ಹೋಗಿ ನಿಂತೆ. "ನೀವೇನಾ?"

"ನಾನಲ್ಲ!"

"ಬೆರಳು ತೋರಿಸಿ."

ತೋರಿಸಿದರು. ಕಪ್ಪು ಮಸಿಯಿಲ್ಲ, ಹಿತ್ತಾಳೆ ಪುಡಿ ಮಾತ್ರ. ಕಣ್ಣು ನೋಡಿದೆ. ಸುಳ್ಳು ಹೇಳಲು ಬರುವುದಿಲ್ಲ ಅಂತ ಹಿಂದೆ ಬರೆದಿದ್ದೆ, ಅಲ್ಲೇ ತಾನೆ ನಾನು ಎಡವಿದ್ದು. "ಹಾಗಾದ್ರೆ ನನ್ನೆದುರೇ ಮುಚ್ಚಿಕೊಡಿ. ಕರುಣೆ ಗಿರುಣೆ ತೋರಿಸಬೇಡಿ."

ಮುಚ್ಚಿದರು. ಕತ್ತಿನ ನರ ಉಬ್ಬುವವರೆಗೆ ತಿರುಗಿಸಿದರು. ಬಾಟಲಿ ಈಗ ಹೊಲಿಗೆ ಮೆಷಿನ್ ಮೇಲೆ, ನನ್ನ ಕಣ್ಣೆದುರೇ ಇದೆ. ತಿರುಗಿಸಲು ಹೆದರಿಕೆಯಾಗಿ ಮೊದಲು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಪರವಾಗಿಲ್ಲ, ಸಾಲು ನೆಟ್ಟಗಿದೆ. ಅತ್ತ ಇವರು ಕೀ ಉಜ್ಜುವ ಹಾಗೆ ಬಗ್ಗಿ ಕೂತಿದ್ದಾರೆ. ಅರದ ಸದ್ದೇ ಇಲ್ಲ.

ಮುಚ್ಚಳ ಬಂದರೆ ನನ್ನ ಬೋರ್ಡಿಗೆ ಹೊಸ ಬಣ್ಣ ಹೊಡೆಸುತ್ತೇನೆ. ಬರದಿದ್ದರೆ ಕರೆಯುತ್ತೇನೆ, ಮೂರು ಹೆಜ್ಜೆ ದೂರದಲ್ಲೇ ಇದ್ದಾರಲ್ಲ. ಪೆನ್ನು ಕೆಳಗಿಟ್ಟು —